ಬಾಣ ನಿಂತ ಜಾಗ

ಕಾರ್ಕಳದ ಆಸ್ಪತ್ರೆಯಲ್ಲಿ ನಮ್ಮ ಟೆಕ್ನಿಷಿಯನ್ ಎಕ್ಸ್‌ರೇ ತೆಗೆಯುತ್ತಿದ್ದರು, ನಾನು ಅಲ್ಲಿ ನರ್ಸ್. ಮಣಿಪಾಲದ ಡಾಕ್ಟರು ಅಲ್ಲಿಂದಲೇ ನಮ್ಮ ಕಂಪ್ಯೂಟರಿನೊಳಗೆ ಬಂದು ಚಿತ್ರ ನೋಡುವಾಗ ಮೌಸಿನ ಬಾಣ ತಾನಾಗಿ ಓಡಾಡುತ್ತಿತ್ತು. ಅದು ಒಂದೇ ಕಡೆ ನಿಂತರೆ ಅಲ್ಲೇನೋ ತೊಂದರೆ ಇದೆ ಎಂದು ಅರ್ಥ; ಆಗ ಟೆಕ್ನಿಷಿಯನ್ ರೋಗಿಗೆ ಕಾಣದಂತೆ ಪರದೆಯನ್ನು ತಮ್ಮತ್ತ ತಿರುಗಿಸಿಕೊಳ್ಳುತ್ತಿದ್ದರು.

“ಎಂತ ಇಲ್ಲ, ಬಿಸಿಲು ಹೊಡೀತದೆ ಮಾರಾಯ್ರೆ” ಎಂದು ರೋಗಿಗೆ ಹೇಳುತ್ತಿದ್ದರು.

ಕಿಟಕಿಯೇ ಇಲ್ಲದ ಕೋಣೆ ಅದು.

ಆಮೇಲೆ ವೆಬ್ ಆ್ಯಪ್ ಬಂತು. ಬೆಳಿಗ್ಗೆ ಚಿತ್ರ ಹಾಕಿದರೆ ಸಂಜೆ ವರದಿ ಬರುತ್ತದೆ, ಬಾಣವಿಲ್ಲ. “ಇದರಲ್ಲಿ ಸುಳ್ಳು ಹೇಳುವ ಕೆಲಸವೇ ಇಲ್ಲ” ಎಂದು ಟೆಕ್ನಿಷಿಯನ್ ನನಗೆ ಹೇಳಿದ್ದರು.

ಕಳೆದ ವರ್ಷ ಅವರದೇ ಎದೆಯ ಚಿತ್ರ ತೆಗೆದೆವು. ಸಂಜೆಯವರೆಗೆ ಕಾಯಲಾರದೆ ಡಾಕ್ಟರಿಗೆ ಫೋನ್ ಮಾಡಿ, “ಮೊದಲಿನ ಹಾಗೆ ಒಮ್ಮೆ ಒಳಗೆ ಬನ್ನಿ” ಎಂದರು. ಬಾಣ ಬಂತು. ಪಕ್ಕೆಲುಬುಗಳ ಮೇಲೆ ಅಲೆದು, ಬಲಗಡೆ ನಿಂತಿತು.

ಅವರು ತಮಗೆ ಕಾಣದಂತೆ ಪರದೆಯನ್ನು ಮೆಲ್ಲಗೆ ನನ್ನತ್ತ ತಿರುಗಿಸಿದರು.

“ಬಿಸಿಲು ಹೊಡೀತದೆ” ಎಂದರು.