ರಂಗೋಲಿಗಿಂತ ಮೊದಲಿನ ನೇರಳೆ

ಬಾಗಲಕೋಟೆಯ ನವನಗರದಲ್ಲಿ ರೋಷನಬಿಗೆ ಮನೆ ನಂಬರುಗಳು ಗೊತ್ತಿಲ್ಲ. ಯಾರಾದರೂ ವಿಳಾಸ ಕೇಳಿದರೆ ಮರ ಹೇಳುತ್ತಾಳೆ: “ಬಾರಿಗಿಡದ ಖಾಲಿ ಪ್ಲಾಟ್ ದಾಟ್ರಿ, ಹುಣಸಿಗಿಡದ ವಕೀಲರ ಮನಿ ಬರತೈತಿ.” ಗಂಡ ತೀರಿಕೊಂಡ ಮೇಲೆ ಬುಟ್ಟಿ ಹಿಡಿದವಳು, ಯಾರಿಗೂ ಬೇಡವಾಗಿ ಬಿದ್ದ ಹಣ್ಣು ಆರಿಸಿ ಮಾರುತ್ತಾಳೆ. ಬಿತ್ತನೆ ಇಲ್ಲ, ಗೊಬ್ಬರ ಇಲ್ಲ, ದಲಾಲಿ ಇಲ್ಲ. ಇಷ್ಟು ಚೊಕ್ಕ ವ್ಯಾಪಾರ ಪೇಟೆಯ ಸಾಹುಕಾರರಿಗೂ ಕೂಡಿಬಂದಿಲ್ಲ. ಅವರಿಗೆ ಸೊಂಟ ಬಾಗುವುದಿಲ್ಲ, ಅದೊಂದೇ ಅಡ್ಡಿ.

ಚಳಿಗೆ ಬಾರಿಹಣ್ಣು, ಅಂದರೆ ಬೋರೆ; ಬೇಸಿಗೆಗೆ ಹುಣಸೆ. ಮುಂಗಾರು ಹಿಡಿದಾಗ ಮಾತ್ರ ಅವಳ ಒಲೆ ಉರಿಯುವುದು ಕಸ್ತೂರಿಯವರ ಅಂಗಳದ ಒಂದೇ ನೇರಳೆ ಮರದಿಂದ. ಆ ಮರವನ್ನು ಕಡಿಸಿಬಿಡಬೇಕೆಂದು ಕಸ್ತೂರಿಯವರ ಗಂಡ ಶಿವಪ್ರಕಾಶ ಈ ಸಲ ನಿಶ್ಚಯ ಮಾಡಿದ್ದರು.

“ಕೊಡ್ಲಿಯವಗ ನಾಳೆ ಬಾ ಅಂದೇನಿ,” ಎಂದರು, ಎಂದಿನಂತೆ ಹತ್ತು ಗಂಟೆಗೆ ಬಂದ ರೋಷನಬಿಗೆ. “ನಮ್ಮಾಕಿ ಅಂಗಳ ತೊಳದು ರಂಗೋಲಿ ಹಾಕ್ತಾಳ. ಅದರ ಮ್ಯಾಲ ನಿನ್ನ ಹಣ್ಣು ಬಿದ್ದು ನೀಲಿ ರಾಡಿ. ಮತ್ತ ತೊಳೀಬೇಕು.”

“ನನ್ನ ಹಣ್ಣಲ್ರಿ, ನಿಮ್ಮ ಗಿಡದ್ದು.”

“ಆರಿಸುವಾಗ ನಿಂದು, ತೊಳಿಯುವಾಗ ನಮ್ದು. ಚಲೋ ಪಾಲು ಐತಿ.”

ಅಷ್ಟರಲ್ಲಿ ಕಸ್ತೂರಿಯವರು ಬಾಗಿಲಿಗೆ ಬಂದರು. “ಅಲ್ಲ ಬೇ, ನಸುಕಿನ್ಯಾಗ ಬಂದು ಚಾದರ ಹಾಸಿ ಆರಿಸಿಕೊಂಡಿದ್ರ ಈ ತಂಟೇನ ಇರತಿದ್ದಿಲ್ಲ. ಇಷ್ಟ ವರ್ಷ ಬಿಸಲೇರಿದ ಮ್ಯಾಲೆ ಯಾಕ ಬರ್ತಿ?”

ರೋಷನಬಿ ತಲೆ ತಗ್ಗಿಸಿದಳು. “ರಂಗೋಲಿ ಹಾಕೂಕಿಂತ ಮೊದಲ ಖಾಲಿ ಬುಟ್ಟಿ ಹಿಡ್ಕೊಂಡು ಹೆಂಗ ಬರ್ಲಿ ಅಕ್ಕಾರ? ಮುಂಜಾನೆದ್ದ ಕೂಡ್ಲೆ ಖಾಲಿ ಬುಟ್ಟಿ ಎದುರಾದ್ರ ಮನಿಗೆ ಚಲೋ ಅಲ್ಲ ಅಂತಾರ. ನಿಮಗ ಕೆಟ್ಟದಾಗಬಾರದು ಅಂತ ತಡಾ ಮಾಡಿ ಬರ್ತೇನಿ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇಷ್ಟು ವರ್ಷ ಅಂಗಳ ಕೆಡಿಸಿದ್ದು ಮರವಲ್ಲ, ಮರ್ಯಾದೆ.

“ಬುಟ್ಯಾಗ ನಾಕ ಎಲಿ ಹಾಕ್ಕೊಂಡ ಬಾ,” ಎಂದರು ಕಸ್ತೂರಿ, ನಗು ತಡೆಯಲಾರದೆ. “ಆವಾಗ ಖಾಲಿ ಅಂತ ಯಾರ ಅಂತಾರ?”

ಮರುದಿನ ಬೆಳಕು ಹರಿಯುವ ಹೊತ್ತಿಗೆ ರೋಷನಬಿ ಬೇವಿನೆಲೆ ಹಾಕಿದ ಬುಟ್ಟಿಯೊಂದಿಗೆ ಬಂದಳು. ಹಳೆಯ ಇಳಕಲ್ ಸೀರೆಗಳನ್ನು ಕೂಡಿಸಿ ಹೊಲಿದ ಹಾಸನ್ನು ಮರದ ಕೆಳಗೆ ಹರಡಿದಳು. ಟೊಂಗೆ ಅಲುಗಿಸಲು ಕೋಲು ಹಿಡಿದು ನಿಂತವರು ಶಿವಪ್ರಕಾಶರೇ. ಮಾಗಿದ್ದೆಲ್ಲ ಸೀರೆಯ ಮೇಲೆ ಬಿತ್ತು. ಆಮೇಲೆ ಕಸ್ತೂರಿ ನಿಶ್ಚಿಂತೆಯಿಂದ ರಂಗೋಲಿ ಹಾಕಿದರು.

ಎಂಟಕ್ಕೆ ಕೊಡಲಿಯವನು ಬಂದಾಗ ರಂಗೋಲಿ ಇನ್ನೂ ಬೆಳ್ಳಗಿತ್ತು. “ಯಾವ ಗಿಡ ಕಡೀಬೇಕ್ರಿ?” ಎಂದ.

“ಗಿಡ ಇರ್ಲಿ ಬಿಡು,” ಎಂದರು ಶಿವಪ್ರಕಾಶ. “ಬಂದೀದಿ, ಒಂದ ಬೊಗಸಿ ಹಣ್ಣ ತಿಂದು ಹೋಗು.”

ಬುಟ್ಟಿ ಹೊತ್ತು ಪೇಟೆಯತ್ತ ನಡೆಯುತ್ತ ರೋಷನಬಿ ಅಲ್ಲಾನಿಗೆ ಶುಕ್ರಿಯಾ ಹೇಳಿದಳು. ಅದರಲ್ಲಿ ಕಸ್ತೂರಿಯವರನ್ನು ಸೇರಿಸಿದಳು. ನಾಲ್ಕು ಹೆಜ್ಜೆ ನಡೆದು, ಸ್ವಲ್ಪ ಯೋಚಿಸಿ, ಶಿವಪ್ರಕಾಶರನ್ನೂ ಸೇರಿಸಿದಳು.