ಬನ್ನಿ ಕೊಡಲು ಹೋದ ಸಂಜೆ

ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಗದಗಿನ ಒಂದು ನೂಲಿನ ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುತ್ತಿದ್ದ. ನಮ್ಮ ಮನೆ ಬೆಟಗೇರಿಯಲ್ಲಿ. ಸಂಜೆ ಅವನಿಗಿಂತ ಮೊದಲು ಅವನ ಎಣ್ಣೆಯ ವಾಸನೆಯೇ ಒಳಗೆ ಬರುತ್ತಿತ್ತು. ಹುಬ್ಬಿನಲ್ಲಿ, ಕಿವಿಯಲ್ಲಿ ಅರಳೆಯ ಎಳೆ. 'ನಮ್ಮ ಗಿರಣಿ' ಎನ್ನುತ್ತಿದ್ದನೇ ಹೊರತು ಎಂದೂ 'ಸಾವ್ಕಾರರ ಗಿರಣಿ' ಎಂದವನಲ್ಲ. "ನಿಮ್ಮ ಗಿರಣ್ಯಾಗಿಂದ ಒಂದು ಲಡಿ ನೂಲರ ತರ್ರಿ ನೋಡೋಣು" ಎಂದು ಅವ್ವ ಕಾಡಿಸುತ್ತಿದ್ದಳು.

ಕನ್ನಡ ನಾಡೆಲ್ಲ ಒಂದಾಗುವ ವರ್ಷ ಅದು. ಊರಲ್ಲಿ ಎಲ್ಲಿ ನಿಂತರೂ ಅದೇ ಮಾತು. ದಸರೆಗೆ ಇನ್ನೂ ಒಂದು ವಾರವಿದ್ದಾಗ ಗಿರಣಿಯ ಮ್ಯಾನೇಜರು ಅಪ್ಪನನ್ನೂ ಇನ್ನು ಕೆಲವರನ್ನೂ ಅಂಗಳದಲ್ಲಿ ನಿಲ್ಲಿಸಿ, "ದಂಧಾ ನಡೀವಲ್ದು, ನಾಳಿಂದ ಬರಬ್ಯಾಡ್ರಿ" ಎಂದರಂತೆ. ಅಪ್ಪ ಅಷ್ಟನ್ನೇ ನಮಗೆ ಹೇಳಿ ಊಟಕ್ಕೆ ಕುಳಿತ. ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಂಡು ಉಂಡ. ಸಿಟ್ಟಿಲ್ಲ, ಅಳುವಿಲ್ಲ. ನನಗೂ ಅಳು ಬರಲಿಲ್ಲ. ಏನು ಅನಿಸಬೇಕೋ ಅದೇ ತಿಳಿಯಲಿಲ್ಲ.

ಬನ್ನಿ ಹಬ್ಬದ ಸಂಜೆ ಅಪ್ಪ ಒಗೆದ ಧೋತರ ಉಟ್ಟು, ಟೊಪ್ಪಿಗೆ ಇಟ್ಟುಕೊಂಡು ಹೊರಟು ನಿಂತ. ನಮ್ಮ ಕಡೆ ಅಂದು ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಬೇಕು. ಬಂಗಾರದಂತೆ ಇರು ಎಂದು ಹಿರಿಯರು ಹರಸಬೇಕು. ಜಗಳವಾಡಿದವರು ಕೊಟ್ಟರೂ ಬನ್ನಿಯನ್ನು ಬೇಡ ಎನ್ನುವಂತಿಲ್ಲ. ಅಪ್ಪ ಪ್ರತಿ ವರ್ಷ ಮೊದಲು ಹೋಗುತ್ತಿದ್ದುದು ಗಿರಣಿಯ ಸಾವ್ಕಾರರ ಮನೆಗೆ.

"ಬ್ಯಾಡಂದವರ ಮನಿಗೆ ಈ ವರ್ಷಾನೂ ಹೋಗ್ತೀರೇನು?" ಎಂದಳು ಅವ್ವ.

"ಬ್ಯಾಡಂದಾಂವ ಮ್ಯಾನೇಜರ. ಸಾವ್ಕಾರ್ರು ನನ್ನ ಮಾರಿ ನೋಡಿದ್ರ ತಿರುಗಿ ಕರೀತಾರ."

ಅಕ್ಕನನ್ನೂ ನನ್ನನ್ನೂ ಜೊತೆಗೆ ಕರೆದುಕೊಂಡ. ಸಾವ್ಕಾರರ ಪಡಸಾಲೆಯಲ್ಲಿ ಊದಿನಕಡ್ಡಿಯ ಹೊಗೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಸಾವ್ಕಾರರ ಮುಂದೆ ಬನ್ನಿ ಎಲೆಯ ದೊಡ್ಡ ರಾಶಿ ಬಿದ್ದಿತ್ತು. ಅಪ್ಪ ಬನ್ನಿ ಕೊಟ್ಟು, ಕಾಲು ಮುಟ್ಟಿ, ಎದ್ದು ಹಾಗೆಯೇ ನಿಂತ. ಸಾವ್ಕಾರರು ನಕ್ಕು ಅವನ ಭುಜ ತಟ್ಟಿದರು.

"ಎಣ್ಣಿ ಹಾಕಾಂವ ಅಲ್ಲೇನಪಾ ನೀ? ಚಲೋ ಕೆಲಸ ಮಾಡ್ತಿ. ಹಿಂಗ ಮಾಡ್ಕೋಂತ ಹೋಗು. ಬಂಗಾರದಂಗ ಇರು."

ಅಪ್ಪನನ್ನು ಕೆಲಸದಿಂದ ತೆಗೆದದ್ದು ಅವರಿಗೆ ಗೊತ್ತೇ ಇರಲಿಲ್ಲ. ಈಗಲಾದರೂ ಹೇಳಲಿ ಎಂದು ಅಕ್ಕ ಅವನ ಅಂಗಿಯ ತೋಳು ಜಗ್ಗಿದಳು. ಅಪ್ಪ "ಹೂನ್ರಿ" ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದ. ನಮ್ಮ ಹಿಂದೆ ಬನ್ನಿ ಹಿಡಿದು ನಿಂತಿದ್ದವರು ಮುಂದೆ ಬಂದರು.

"ಏನಂದ್ರು?" ಎಂದು ಅವ್ವ ಬಾಗಿಲಲ್ಲೇ ಕೇಳಿದಳು.

"ಚಲೋ ಕೆಲಸ ಮಾಡ್ತಿ ಅಂದ್ರು" ಎಂದ ಅಪ್ಪ. ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದ. ಗಿರಣಿಗೆ ಮತ್ತೆ ಹೋಗಲಿಲ್ಲ. ಮುಂದೆ ಬೆಟಗೇರಿಯ ಮಗ್ಗದವರಲ್ಲಿ ದುಡಿದ.

ಮಕ್ಕಳೇ, ಮೊನ್ನೆ ನಿಮ್ಮಮ್ಮನನ್ನು ಕಂಪನಿಯವರು ಕೆಲಸದಿಂದ ಬಿಡಿಸಿದ್ದು ಮೊಬೈಲಿಗೆ ಬಂದ ಎರಡು ಸಾಲಿನಲ್ಲಿ. ಆ ಕಂಪನಿಯ ಮಾಲೀಕರು ಯಾರು, ಯಾವ ಊರಲ್ಲಿರುತ್ತಾರೆ ಎಂದು ನೀವು ಕೇಳಿದಿರಿ; ಅವಳಿಗೆ ಗೊತ್ತಿರಲಿಲ್ಲ. ನಿಮ್ಮ ಕಾಲವೇ ಚೆನ್ನಾಗಿತ್ತಲ್ಲವೇ ಅಜ್ಜಿ ಎನ್ನುತ್ತೀರಿ. ನಮಗೆ ಸಾವ್ಕಾರರ ಬೀದಿ ಗೊತ್ತಿತ್ತು, ಬಾಗಿಲು ಗೊತ್ತಿತ್ತು, ಅವರ ಕಾಲು ಮುಟ್ಟುವಷ್ಟು ಹತ್ತಿರ ಹೋಗಿ ಬಂದವರು ನಾವು. ಅಷ್ಟು ಹತ್ತಿರ ನಿಂತಿದ್ದರೂ ಅವರು ನಮ್ಮಪ್ಪನ ಹೆಸರು ಕೇಳಲಿಲ್ಲ.