ಅರಿಶಿನದ ಕೊಂಬು ಬಿಡಿಸಿದ ಜಾಗ

ಭೀಮಬಾಯಿಯವರ ಕೈಗಳನ್ನು ಹಾಳು ಮಾಡಿದವನು ನಾನು. ರೋಗ ಅವರದೇ, ನಿಜ. ಆದರೆ ರೋಗಕ್ಕೂ ಅವರ ಬೆರಳುಗಳಿಗೂ ನಡುವೆ ವಾರಕ್ಕೊಂದು ಗುಳಿಗೆ ಅಡ್ಡ ನಿಂತಿತ್ತು — ಅದನ್ನು ಬಿಡಿಸಿದವನು ನಾನು, ಶಹಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನ ವಿಜ್ಞಾನ ಮಾಸ್ತರ.

ಇಷ್ಟು ವರ್ಷ ಇದನ್ನು ನನಗೆ ನಾನೇ ಬೇರೆ ರೀತಿ ಹೇಳಿಕೊಂಡು ಬಂದಿದ್ದೆ. ಹಲಗೆಯಲ್ಲಿ ಜಾಗ ಸಾಲಲಿಲ್ಲ, ಅಷ್ಟೇ — ಎಂದು.

ನಮ್ಮ ಶಾಲೆಯ ಗೇಟಿನ ಪಕ್ಕ ಒಂದು ಕರಿಹಲಗೆ ಇದೆ. ದಿನಾ ಪ್ರಾರ್ಥನೆಗೆ ಮುಂಚೆ ಅದರ ಮೇಲೆ ನಾಲ್ಕೈದು ಸಾಲು ವಿಜ್ಞಾನದ ಸುದ್ದಿ ಬರೆಯುವುದು ನನ್ನ ರೂಢಿ. ಮಕ್ಕಳು ಓದುತ್ತಾರೆ. ಬಿಸಿಯೂಟದ ಅಡುಗೆಯವರೂ ಓದುತ್ತಿದ್ದರು, ಅದರಲ್ಲೂ ಹಿರಿಯರಾದ ಭೀಮಬಾಯಿ. ಶಿರವಾಳದವರು. ಅಕ್ಷರ ಕೂಡಿಸಿ ಕೂಡಿಸಿ, ಒಂದೂ ಬಿಡದೆ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾನು ಬರೆದದ್ದು ಇದು: ನಮ್ಮನ್ನು ಕಾಯಬೇಕಾದ ರಕ್ಷಣಾ ಕೋಶಗಳೇ ಕೆಲವರ ದೇಹದಲ್ಲಿ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆ ಬೀಳುತ್ತವೆ. ಕೀಲು ಬಾತು ಉರಿಯುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಆ ಕೋಶಗಳೊಳಗಿನ ಉರಿಯ ಸಂಕೇತವನ್ನು ತಗ್ಗಿಸುತ್ತದೆ. ನಮ್ಮ ಅಡುಗೆಮನೆಯೇ ಔಷಧಾಲಯ.

ಕೊನೆಯದು ನನ್ನ ಸ್ವಂತ ಸೇರ್ಪಡೆ. ಯಾವ ಸಂಶೋಧಕನೂ ಹಾಗೆ ಹೇಳಿರಲಿಲ್ಲ. ಸುದ್ದಿ ಓದುವಾಗ ನಾನು ಬರೆದುಕೊಂಡಿದ್ದ ಟಿಪ್ಪಣಿ ಪುಸ್ತಕದಲ್ಲಿ ಅದರ ಜಾಗದಲ್ಲಿ ಬೇರೆಯೇ ಸಾಲಿತ್ತು — ಇದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡದ್ದು. ತಿಂದ ಅರಿಶಿನದಿಂದ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ತೀರಾ ಕಡಿಮೆ. ರೋಗಿಗಳು ಔಷಧಿ ಬಿಡಬಾರದು. ಅದನ್ನು ನಾನು ಬರೆಯಲಿಲ್ಲ.

ಮಧ್ಯಾಹ್ನ ಭೀಮಬಾಯಿ ಸಾರಿನ ಸೌಟು ಹಿಡಿದುಕೊಂಡೇ ಬಂದರು.

“ಸರ್, ಒಂದ್ ಮಾತ್ ಕೇಳ್ತೀನ್ರಿ. ನಾ ದಿನಾ ಸಾರಿಗಿ ಅರಿಷಿಣ ಹಾಕ್ತೀನಿ, ದಿನಾ ಅದನ್ನ ಉಣ್ತೀನಿ. ಹಂಗಾದ್ರ ನನ್ನ ಕೈ ಯಾಕ ಬಾತಾವ? ಒಳಗ ಹೋಗಿ ಮೈಗಿ ಹತ್ತಂಗಿಲ್ಲೇನ್ರಿ ಅದು?”

ಗಮನಿಸಿ. ನಾನು ಬಿಟ್ಟ ಸಾಲು ಅವರ ಬಾಯಲ್ಲಿತ್ತು. ಓದಿದವರು ಎಷ್ಟೋ ಕಷ್ಟಪಟ್ಟು ಕೇಳಿಕೊಂಡ ಪ್ರಶ್ನೆಯನ್ನು ಆ ಹೆಂಗಸು ತನ್ನ ಬಾತ ಬೆರಳು ನೋಡಿ ಕೇಳಿದ್ದರು. ನಾನು — ನಕ್ಕೆ.

“ಡಾಕ್ಟರ್ ಆಗೋ ವಿಚಾರ ಅದೇನ್ರಿ ನಿಮಗ? ಸಾರಿನಾಗ ಚಿಟಿಕಿ ಹಾಕಿದ್ರ ಆಗಂಗಿಲ್ಲ. ಬಿಸಿ ಹಾಲಿನಾಗ ಹಾಕ್ಕೊಂಡು ದಿನಾ ಕುಡೀರಿ.”

“ಮತ್ತ ಆ ಯಾದಗಿರಿ ಡಾಕ್ಟರ್ ಕೊಟ್ಟ ಗುಳಗಿ ಬಿಡ್ಲೇನ್ರಿ? ಅದು ನುಂಗಿದ್ರ ಎರಡು ದಿನ ಹೊಟ್ಟಿ ತೊಳಿಸ್ತದ.”

“ಬಿಟ್ಟು ನೋಡ್ರಿ.”

ಎರಡೇ ಪದ. ಹೇಳಿ ಊಟಕ್ಕೆ ಕೂತೆ. ಅಂದು ಸಾರು ಚೆನ್ನಾಗಿತ್ತು ಎಂದು ನೆನಪು — ಈ ನೆನಪನ್ನೂ ನಂಬಬೇಡಿ. ನನ್ನ ನೆನಪು ನನಗೆ ಅನುಕೂಲವಾದದ್ದನ್ನೇ ಇಟ್ಟುಕೊಳ್ಳುತ್ತದೆ.

ಅವರು ಬಿಟ್ಟು ನೋಡಿದರು. ವರ್ಷ ತುಂಬುವುದರೊಳಗೆ ಬೆರಳುಗಳು ಬುಡದಿಂದಲೇ ಒಂದೇ ಕಡೆಗೆ ಓರೆಯಾದವು. ಸೌಟು ಹಿಡಿಯಲಾಗದೆ ಕೆಲಸ ಬಿಟ್ಟರು. ಮತ್ತೆ ಗುಳಿಗೆ ಶುರುವಾಯಿತು, ಬಾವು ಇಳಿಯಿತು. ಓರೆಯಾದ ಕೀಲು ಮಾತ್ರ ತಿರುಗಿ ನೆಟ್ಟಗಾಗಲಿಲ್ಲ.

ಅಷ್ಟಾದರೂ ನಾನು ತರಗತಿಯಲ್ಲಿ ವಾಟ್ಸಾಪ್ ಸುಳ್ಳುಗಳ ಬಗ್ಗೆ ಗಂಟಲು ಹರಿಯುವಂತೆ ಬೈದೆ. ಪುಡಿಗೆ ಬಣ್ಣದ ಚೀಟಿ ಅಂಟಿಸಿ ಸಕಲ ರೋಗಕ್ಕೂ ಮದ್ದೆಂದು ಮಾರುವವರನ್ನು ಬೈದೆ. ಅವರಿಗಿಂತ ನಾನು ಯಾವುದರಲ್ಲಿ ಮೇಲು? ಅವರು ಸುಳ್ಳು ಹೇಳುತ್ತಾರೆ. ನನ್ನ ಮೊದಲ ಮೂರು ಸಾಲು ನಿಜವಿದ್ದವು — ನನಗೆ ಸಿಟ್ಟು ಬರುವುದು ಅಲ್ಲೇ. ಆ ಮೂರು ನಿಜಗಳ ಹಿಂದೆ ಅಡಗಿ ನಾನು ಆರು ವರ್ಷ ನಿಶ್ಚಿಂತೆಯಿಂದ ಬದುಕಿದೆ.

ಹೋದ ತಿಂಗಳು ಮಕ್ಕಳ ದಾಖಲಾತಿಗೆಂದು ಶಿರವಾಳಕ್ಕೆ ಹೋದವನನ್ನು ಭೀಮಬಾಯಿಯೇ ಕರೆದು ಕೂಡಿಸಿದರು. ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಭೀಮಬಾಯಿ ಮುಂಗೈಯಿಂದ ಒತ್ತಿ ಒತ್ತಿ ಫೋನಿನಲ್ಲಿದ್ದ ಒಂದು ಹಳೆಯ ಫೋಟೋ ತೆರೆದು ತೋರಿಸಿದರು.

“ನೋಡ್ರಿ ಸರ್, ನಿಮ್ಮ ಅರಿಷಿಣ. ಎಷ್ಟ್ ಚಂದ ಚಿತ್ರ ತಗದಿದ್ರಿ.”

“ಮೊಮ್ಮಕ್ಕಳ ಫೋಟೋನೂ ಅಳಿಸ್ಯಾಳ್ರಿ ನಮ್ಮತ್ತಿ, ಇದೊಂದು ಅಳಿಸಂಗಿಲ್ಲ,” ಎಂದಳು ಸೊಸೆ.

ನಮ್ಮ ಕರಿಹಲಗೆ. ಮೇಲೆ ನಾಲ್ಕು ಸಾಲು. ಕೆಳಗೆ, ಹಲಗೆಯ ಮೂರನೇ ಒಂದು ಭಾಗದಷ್ಟು ಜಾಗದಲ್ಲಿ — ಅರಿಶಿನದ ಕೊಂಬಿನ ಚಿತ್ರ. ನಾನೇ ಬಿಡಿಸಿದ್ದು. ಹಳದಿ, ಕೇಸರಿ ಎರಡೂ ಸೀಮೆಸುಣ್ಣ ಹಚ್ಚಿ, ಬೆರಳಿನಿಂದ ಉಜ್ಜಿ ನೆರಳು ಕೊಟ್ಟಿದ್ದೆ. ಬಿಟ್ಟ ಸಾಲನ್ನು ಎರಡು ಸಲ ಬರೆಯುವಷ್ಟು ಜಾಗ. ಬರೆಯುವುದರೊಳಗೆ ಗಂಟೆ ಹೊಡೆದುಬಿಟ್ಟಿತು ಎಂಬ ನೆನಪೂ ನನಗಿತ್ತು. ಗಂಟೆ ಹೊಡೆದಿದ್ದರೆ ನೆರಳು ಹಚ್ಚಲು ಸಮಯ ಎಲ್ಲಿಂದ ಬಂತು?

ಜಾಗವಿತ್ತು, ಸಮಯವಿತ್ತು. ಆ ಸಾಲು ಹಾಕಿದ್ದರೆ ಸುದ್ದಿಯ ರುಚಿ ಕೆಡುತ್ತಿತ್ತು, ಅದಕ್ಕೆ ಬಿಟ್ಟೆ.

ಭೀಮಬಾಯಿ ಫೋನು ಮಡಿಲಲ್ಲಿಟ್ಟುಕೊಂಡರು. “ತಪ್ಪು ನಂದೇ ಅದ ಬಿಡ್ರಿ ಸರ್. ನೀವು ಹಾಲಿನಾಗ ಅಂದಿದ್ರಿ. ದಿನಾ ಹಾಲು ಎಲ್ಲಿಂದ ತರ್ಲಿ? ಬರೇ ನೀರಿನಾಗ ಕದಡಿ ಕುಡದೆ. ಅದಕ್ಕ ಹತ್ತಲಿಲ್ಲ ಅದು.”

ಇಷ್ಟು ವರ್ಷ ಅವರು ಹಾಗೆ ನಂಬಿದ್ದಾರೆ. ತನ್ನ ಕೈಯನ್ನು ತಾನೇ ಕೆಡಿಸಿಕೊಂಡೆ ಎಂದು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು.

“ಇರ್ಲಿ ಬಿಡ್ರಿ,” ಅಂದೆ.

ಕ್ಷಮಿಸಿದೆ. ನಾನು, ಅವರನ್ನು. ಕ್ಷಮಿಸಿ ಅವರ ಮನೆಯ ಚಹಾ ಕುಡಿದು ಎದ್ದು ಬಂದೆ.

ಈ ಭಾನುವಾರ ಶಿರವಾಳಕ್ಕೆ ಹೋಗುತ್ತೇನೆ. ಸೊಸೆಯ ಎದುರಿಗೇ ಹೇಳುತ್ತೇನೆ — ತಪ್ಪು ಹಾಲಿನದಲ್ಲ, ನೀರಿನದಲ್ಲ. ಅಂದು ನೀವು ಕೇಳಿದ್ದೇ ಸರಿ. ಗೊತ್ತಿದ್ದೂ ನಕ್ಕವನು ನಾನು. ಸೋಮವಾರ ಆ ಬಿಟ್ಟ ಸಾಲು ಗೇಟಿನ ಹಲಗೆಗೆ ಬರುತ್ತದೆ, ಕೆಳಗೆ ನನ್ನ ಹೆಸರಿನೊಂದಿಗೆ. ಚಿತ್ರ ಇರುವುದಿಲ್ಲ.

ಭೀಮಬಾಯಿ ಬೈಯಬಹುದು. ಬೈಯಲಿ. ಆದರೆ ಅವರು ಬೈಯುವವರಲ್ಲ. “ಇರ್ಲಿ ಬಿಡ್ರಿ ಸರ್” ಎಂದೇ ಅನ್ನಬಹುದು — ಆ ಮಾತನ್ನು ಮಾತ್ರ ನಾನು ತೆಗೆದುಕೊಳ್ಳುವುದಿಲ್ಲ. ಅವರಿಗಿಂತ ಮುಂಚೆ, ಅವರ ಮನೆಯಲ್ಲೇ ಕೂತು, ಅದನ್ನು ನಾನು ಬಳಸಿಬಿಟ್ಟಿದ್ದೇನೆ.